ಹೊಗೆಸೊಪ್ಪಿನ ನೀರು

ಕನಕಪುರ
೩-೧೨-೨೦೦೬

ಪ್ರೀತಿಯ ಲತಾ,

ಅಣ್ಣನ ಆಶೀರ್ವಾದ. ನಿನ್ನ ಚೀಟಿ ತಲುಪಿ ಇಪ್ಪತ್ತು ದಿನವಾಯಿತು. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುತ್ತೀಯ, ಆದರೆ ಅದು ನಿಜವಲ್ಲ. ಕಾಲೇಜಿನ ಪರೀಕ್ಷೆ ಕೆಲಸ ಮುಗಿದೇ ವಾರವಾಯಿತು. ದಿನಾ ಸಂಜೆ ಕಾಗದ ತೆಗೆದಿಟ್ಟು, ಇಲ್ಲಿ ಎಲ್ಲರೂ ಕ್ಷೇಮ ಎಂಬ ಮೊದಲ ಸಾಲು ಬರೆದು, ಪೆನ್ನು ಮುಚ್ಚಿ ಏಳುತ್ತಿದ್ದೆ. ನಿನ್ನ ಅತ್ತಿಗೆ ಎರಡು ಸಲ ಬೈದಳು. "ಕ್ಲಾಸಲ್ಲಿ ಗಂಟೆಗಟ್ಲೆ ಮಾತಾಡ್ತೀರ, ಒಬ್ಳೇ ತಂಗೀಗೆ ನಾಲ್ಕು ಸಾಲು ಬರೆಯಕ್ಕೆ ಕೈ ಸೇದೋಯ್ತಾ" ಅಂದಳು.

ಈ ಕಾಗದವನ್ನು ಅಖ್ತರಿಯ ಕೈಗೆ ಕೊಡುತ್ತಿದ್ದೇನೆ. ನಮ್ಮ ಹಿಂದಿನ ಬೀದಿಯ ಈ ಹುಡುಗಿ ಹಾರೋಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ನಿನ್ನ ಪಕ್ಕದ ಮಿಷನ್ನಿನಲ್ಲೇ ಕೂರುತ್ತಾಳೆ ಎಂದು ಗೊತ್ತಾದದ್ದು ಅವಳು ನಿನ್ನ ಚೀಟಿ ತಂದಾಗ. ಅಂಚೆಗೆ ಹಾಕಬೇಡ, ಮನೆಯಲ್ಲಿ ಒಡೆದು ಓದುತ್ತಾರೆ ಎಂದಿದ್ದೀಯ. ಮೊದಲೆಲ್ಲ ನನ್ನ ಕಾಗದ ಬಂದರೆ ಬಾಲರಾಜು ಭಾವನೇ ಜಗಲಿಯಲ್ಲಿ ಕೂತು ಅಕ್ಕಪಕ್ಕದವರಿಗೂ ಕೇಳುವ ಹಾಗೆ ಓದುತ್ತಿದ್ದರು. ಮೇಷ್ಟ್ರು ನಮ್ಮ ಮನೆ ನೆಂಟರು ಎಂಬ ಹೆಮ್ಮೆ ಅವರಿಗಿತ್ತು.

ನೀನು ಬರೆದದ್ದು ಒಂದೇ ಮಾತು. 'ಅಣ್ಣಯ್ಯ, ಅದು ಬರೀ ಕತೆ ಅಂತ ಒಂದ್ಸಲ ಬಂದು ಹೇಳಿಹೋಗು.' ಉಳಿದದ್ದನ್ನೆಲ್ಲ ಅಖ್ತರಿ ಹೇಳಿದಳು. "ಟೀವೀಲಿ ನಿಮ್ ಪಿಚ್ಚರ್ ಬಂತಲ್ಲ ಸಾರ್, ಅವತ್ನಿಂದ ಲತಕ್ಕನ್ನ ಹುಳದ ಮನೆ ಹೊಸ್ಲು ದಾಟಾಕೆ ಬುಟ್ಟಿಲ್ಲ. ಅವ್ರತ್ತೆ ಬೀಗ ಜಡ್ದು ಬೀಗದ್ಕೈ ಸೊಂಟಕ್ಕೆ ಸಿಗಿಸ್ಕಂಡವ್ರಂತೆ. ಸೊಪ್ಪು ಕುಯ್ಯಾಕೂ ಕೂಲಿಯೋರ್ನ ಕರೀತಾರೆ, ಈಯಮ್ಮನ್ನ ಕರ್ಯಾಕಿಲ್ಲ. ಅದಕ್ಕೇ ಗಾರ್ಮೆಂಟ್ಸ್ ಬಸ್ ಹತ್ತವ್ರೆ" ಅಂದಳು. ಅಖ್ತರಿಯ ಅಪ್ಪ ರೇಷ್ಮೆ ನೂಲು ತೆಗೆಯುವವರು. ಹುಳದ ಮನೆಯಿಂದ ಒಬ್ಬ ಹೆಂಗಸನ್ನು ಹೊರಗಿಡುವುದೆಂದರೆ ಏನೆಂದು ಅವಳಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಉಯ್ಯಂಬಳ್ಳಿಯಿಂದ ನೀನು ಆ ಮನೆಗೆ ಹೋದಾಗ ಎಂಟು ತಟ್ಟೆ ಹುಳ ಇತ್ತು. ನಿನ್ನ ಕೈಯಲ್ಲಿ ಅದು ನಲವತ್ತು ತಟ್ಟೆಯಾಯಿತು. ಸುತ್ತಲ ಊರಿನವರು ಎಳೆಯ ಚಾಕಿ ಹುಳ ತಂದರೆ ಮೊದಲ ಸೊಪ್ಪನ್ನು ನಿನ್ನ ಕೈಯಲ್ಲೇ ಹಾಕಿಸುತ್ತಿದ್ದರು.

ನನಗೆ ಸಿಟ್ಟು ಬರುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಐದು ವರ್ಷದ ಹಿಂದಿನ ದಸರಾದಲ್ಲಿ ಆ ಹುಳ ಸತ್ತಾಗ ನಾನೂ ಅಲ್ಲೇ ಇದ್ದೆ. ಗೂಡು ಕಟ್ಟಲು ಎರಡೇ ದಿನ ಬಾಕಿ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ತಟ್ಟೆತಟ್ಟೆಯೇ ಹಸಿರು ನೀರು ಕಕ್ಕಿ ಮುದುಡಿಕೊಂಡು ಬಿದ್ದಿದ್ದವು. ಸಪ್ಪೆ ರೋಗವೂ ಅಲ್ಲ, ಸುಣ್ಣಕಟ್ಟೂ ಅಲ್ಲ. ಊರ ಪಕ್ಕ ಹೊಸದಾಗಿ ಎದ್ದಿದ್ದ ಕಾರ್ಖಾನೆಯ ಹೊಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿದೆ ಎಂದು ಊರೇ ಹೇಳಿತು. ಊರಿನ ಪರವಾಗಿ ಅರ್ಜಿ ಬರೆದುಕೊಟ್ಟವನು ನಾನೇ. ಆಮೇಲೆ ಸೊಪ್ಪು ಪರೀಕ್ಷೆಗೆ ಹೋಯಿತು, ಅದರಲ್ಲಿ ಏನೂ ಇಲ್ಲ ಎಂದು ಬಂತು, ಜನ ಮರೆತರು. ಎರಡು ವರ್ಷ ಬಿಟ್ಟು ನಾನೊಂದು ಕತೆ ಬರೆದೆ. ಗಿರಿಜೆ ಎಂಬ ಸೊಸೆ, ಯಾರೂ ತನ್ನ ಮಾತು ಕೇಳದ ಮನೆಯಲ್ಲಿ, ಸೊಪ್ಪಿಗೆ ಹೊಗೆಸೊಪ್ಪಿನ ನೀರು ಚಿಮುಕಿಸಿ ಹುಳಕ್ಕೆ ಹಾಕುತ್ತಾಳೆ. ಅದನ್ನು ಟೀವಿಯವರು ಪಿಕ್ಚರ್ ಮಾಡಿದರು. ಅಷ್ಟೇ ತಾನೇ?

ಆ ಹೊಗೆಸೊಪ್ಪು ಒಂದು ಸಂಕೇತ ಕಣಮ್ಮ. ಹುಳ ತನ್ನ ನೂಲಿನಲ್ಲಿ ತಾನೇ ಸುತ್ತಿಕೊಳ್ಳುತ್ತದೆ, ಹಾಗೇ ಗಿರಿಜೆ. ಗೂಡಿಗೆ ಮುಂಚೆಯೇ ಅವಳು ಹುಳವನ್ನು ಕೊಲ್ಲುತ್ತಾಳೆ ಎಂದರೆ ತನ್ನನ್ನು ಸುತ್ತಿಕೊಳ್ಳಲು ಬಿಡುವುದಿಲ್ಲ ಎಂದು ಅರ್ಥ. ಪಾತ್ರದ ಒಳಗಿನ ಸಂಘರ್ಷ ಹೊರಗೆ ಒಂದು ಕೆಲಸವಾಗಿ ಕಾಣಬೇಕು. ಇದನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಹೇಳಿದರೆ ನಮ್ಮ ಹುಡುಗರಿಗೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ನಿಮ್ಮ ಮಾರಮ್ಮತ್ತೆಗೂ ಅರ್ಥ ಮಾಡಿಸುತ್ತೇನೆ. ಸಂಕ್ರಾಂತಿಗೆ ಬರುತ್ತೇನೆ, ಅಲ್ಲಿವರೆಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸೌಮ್ಯಳಿಗೆ ಮಾಮನ ಮುತ್ತು. ದೇವರು ನಿನ್ನನ್ನು ತಂಪಾಗಿಡಲಿ.

ನಿನ್ನ ಅಣ್ಣ,
ಅನಂತರಾಜು

ಮರೆತೆ: ಭಾವನಿಗೆ ಬೇರೆ ಕಾಗದ ಬರೆಯೋಣ ಎಂದು ಕೂತೆ. ಏನು ಬರೆದರೂ ಪಾಠ ಮಾಡಿದ ಹಾಗಿತ್ತು, ಹರಿದೆ.


ಕನಕಪುರ
೨೪-೧-೨೦೦೭

ಪ್ರೀತಿಯ ಲತಾ,

ಆಶೀರ್ವಾದ. ಸಂಕ್ರಾಂತಿಗೆ ಬಂದುಹೋದ ಮೇಲೆ ಊರು ತಲುಪಿದೆ ಎಂದು ಒಂದು ಸಾಲೂ ತಿಳಿಸಲಿಲ್ಲ, ಕ್ಷಮಿಸು. ನಿಮ್ಮ ಮನೆಯ ಜಗಲಿಯಿಂದ ಎದ್ದು ಬಂದ ರೀತಿ ನನಗೇ ಸರಿಬಂದಿಲ್ಲ. ನೀನು ಕೊಟ್ಟ ಎಳ್ಳು ಬೆಲ್ಲದ ಪೊಟ್ಟಣ ಬಸ್ಸಿನಲ್ಲೇ ಮರೆತೆ, ಅತ್ತಿಗೆಯಿಂದ ಅದಕ್ಕೂ ಬೈಸಿಕೊಂಡೆ.

ನಾನು ಏನೇನೋ ತಯಾರಿ ಮಾಡಿಕೊಂಡು ಬಂದಿದ್ದೆ. ಕತೆ ಬೇರೆ, ಬದುಕು ಬೇರೆ, ಗಿರಿಜೆ ಬೇರೆ, ಲತಾ ಬೇರೆ. ಮಾರಮ್ಮತ್ತೆ ಪೂರ್ತಿ ಕೇಳಿದರು. ಎಲೆಅಡಿಕೆ ಬಾಯಿಂದ ತೆಗೆದು, ನಿಧಾನವಾಗಿ ಅಂದರು: "ಅಲ್ಲ ಕಣಪ್ಪ ಅನಂತಪ್ಪ. ಅದ್ರಲ್ಲಿ ತೋರ್ಸಿರೋ ಮನೆ ನಮ್ದೇ ತಾನೆ? ಸೊಸೆ ಉಟ್ಕಂಡಿರೋ ಹಸ್ರು ಸೀರೆ ಇವಳ್ದೇ. ಅತ್ತೆ ಕೆಮ್ಮೋದೂ ನನ್ ಕೆಮ್ಮೇ, ಮೊಮ್ಮಗಳು ನನ್ನ ಅಣಕುಸ್ತಾಳೆ ಅದ್ನ ನೋಡಿ. ಹುಳ ಸತ್ತಿದ್ದೂ ದಿಟ. ಇಷ್ಟೆಲ್ಲ ದಿಟ ಬರ್ದು ಹೊಗೆಸೊಪ್ಪು ಒಂದು ಮಾತ್ರ ಸುಳ್ಳು ಬರ್ದ್ಯಾ?"

ನಾನು ಸಂಕೇತ ಎಂದೆ. "ಅಂಗಂದ್ರೆ?" ಎಂದರು. ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಸಪ್ಪೆಯಾಗಿ ಕೇಳಿತು. ಬಾಲರಾಜು ಭಾವ ಅಷ್ಟು ಹೊತ್ತೂ ತೂಗುಹಾಕಿದ ಕುಡುಗೋಲನ್ನೇ ನೋಡುತ್ತಿದ್ದವರು ಕೊನೆಗೆ ಬಾಯಿ ಬಿಟ್ಟರು. "ನೀವು ಅವಳ ಒಡಹುಟ್ಟಿದೋರು. ನಿಮ್ಗೆ ಹೇಳ್ದೆ ಇನ್ಯಾರ್ಗೆ ಹೇಳ್ಯಾಳು? ಅವಳು ಹೇಳವ್ಳೆ, ನೀವು ಬರ್ದಿದ್ದೀರ. ನಾನು ತಪ್ಪು ಅಂತ ಹೊಡ್ದಿಲ್ಲ ಬಡ್ದಿಲ್ಲ ಮೇಷ್ಟ್ರೇ. ಆದ್ರೆ ಹುಳದ್ ಮನೆಗೆ ಮಾತ್ರ ಬುಡಾಕಿಲ್ಲ." ಇಷ್ಟು ದಿನ ಭಾವಾ ಎನ್ನುತ್ತಿದ್ದವರು ಅವತ್ತು ಮೇಷ್ಟ್ರೇ ಎಂದರು, ನೀನೂ ಗಮನಿಸಿದೆ. ಕೊನೆಗೆ ನಾನು ಎದ್ದು, "ನಿಮಗೆಲ್ಲ ಕತೆ ಓದಕ್ಕೇ ಬರಲ್ಲ" ಎಂದುಬಿಟ್ಟೆ. ಊಟಕ್ಕೆ ಎಲೆ ಹಾಕಿದ್ದ ಮನೆಯಲ್ಲಿ ಹಾಗೆ ಅನ್ನಬಾರದಿತ್ತು.

ಕತೆ ಓದಕ್ಕೆ ಬರಲ್ಲ ಎಂದು ಅವರಿಗೆ ಅಂದು ಬಂದೆನಲ್ಲ, ಮೊನ್ನೆ ನನ್ನ ತರಗತಿಯಲ್ಲೇ ನನ್ನ ಬುಡಕ್ಕೆ ಬಂತು. ನಮ್ಮ ಪ್ರಾಂಶುಪಾಲರು ಹೆಮ್ಮೆಯಿಂದ ಆ ಪಿಕ್ಚರನ್ನು ಹುಡುಗರಿಗೆ ಹಾಕಿಸಿದರು. ಆಮೇಲೆ ಚರ್ಚೆ. ಹುಳ ಏನು, ಬೀಗ ಏನು, ಹೊಗೆಸೊಪ್ಪು ಏನು ಎಂದು ಎಲ್ಲರೂ ಕೈ ಎತ್ತಿ ಹೇಳಿದರು. ಕೊನೆ ಬೆಂಚಿನಿಂದ ಸಾನಾ ಎಂಬ ಹುಡುಗಿ ಎದ್ದು ನಿಂತಳು. ರೇಷ್ಮೆ ಮನೆಯವಳೇ, ರಾಮನಗರದಿಂದ ಬರುತ್ತಾಳೆ. "ಸಾರ್, ಗಿರಿಜೆಯ ಅಣ್ಣ ಅಂತ ಒಬ್ಬ ಬತ್ತಾನಲ್ಲ, ಜಗ್ಲೀಲಿ ಕೂತು ಉತ್ತರಪತ್ರಿಕೆ ತಿದ್ದಿ ಬಸ್ಸು ಹತ್ತಿ ಹೊಂಟೋಗ್ತಾನೆ. ಅವನಿಂದ ಕತೆಗೆ ಏನೂ ಆಗಲ್ಲ. ಯಾಕೆ ಇದಾನೆ ಸಾರ್ ಅವ್ನು?" ಎಂದಳು. ನಾನು ಕನ್ನಡಕ ಒರೆಸಿಕೊಂಡೆ. ಗಂಟೆ ಹೊಡೆಯಿತು.

ಲತಾ, ಅವನು ಯಾಕೆ ಇದ್ದಾನೆ ಎಂದು ಆ ಹುಡುಗಿಗೆ ಹೇಳಲಾರದೆ ನಿನಗೆ ಬರೆಯುತ್ತಿದ್ದೇನೆ. ಇದನ್ನು ಕೂತುಕೊಂಡು ಓದು, ಬಸ್ಸಿನಲ್ಲಿ ಓದಬೇಡ.

ಆ ದಸರಾ ರಜೆಯಲ್ಲಿ ಎರಡು ಕಟ್ಟು ಉತ್ತರಪತ್ರಿಕೆ ತಂದು ನಿಮ್ಮ ಜಗಲಿಯಲ್ಲಿ ಕೂತಿದ್ದೆ. ಹುಳದ ಮನೆಯ ಕಿಟಕಿ ನನ್ನ ತಲೆಯ ಹತ್ತಿರವೇ ಇತ್ತು. ಸಂಜೆಯಾದರೆ ಸೊಳ್ಳೆ. ಅವತ್ತು ಸಂಜೆ ನನ್ನ ಬ್ಯಾಗಿನಲ್ಲಿದ್ದ ಸೊಳ್ಳೆಬತ್ತಿ ತೆಗೆದು ಕಿಟಕಿಯ ಕೆಳಗೆ ಹಚ್ಚಿಟ್ಟೆ. ಒಂದು ಮುಗಿದ ಮೇಲೆ ಇನ್ನೊಂದು. ಹುಳ ಇರುವ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಸಹ ಸುಡುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ರಾಗಿ ಹೊಲದ ಉಯ್ಯಂಬಳ್ಳಿಯಲ್ಲಿ ಬೆಳೆದವನು, ನಮ್ಮಲ್ಲಿ ಹುಳ ಇರಲಿಲ್ಲ ಎಂದು ನೆಪ ಹೇಳಬಹುದು. ಆದರೆ ನಿನ್ನನ್ನು ಕೊಟ್ಟ ಮೇಲೆ ಹತ್ತು ವರ್ಷ ಆ ಮನೆಗೆ ಬಂದುಹೋಗಿದ್ದೆ. ಬೀಡಿ ಸೇದುವವರನ್ನು ನೀನು ಅಂಗಳದಿಂದಲೇ ಆಚೆ ಕಳಿಸುವುದನ್ನು ನೋಡಿದ್ದೆ. ಸೊಳ್ಳೆಬತ್ತಿ ಬೀಡಿಯಲ್ಲವಲ್ಲ ಎಂದು ನನ್ನ ಓದಿದ ತಲೆ ಲೆಕ್ಕ ಹಾಕಿತು.

ಬೆಳಿಗ್ಗೆ ನಿನ್ನ ಕೂಗು ಕೇಳಿ ಎದ್ದೆ. ಹುಳ ನೋಡಿದ ಕೂಡಲೇ ನನಗೆ ತಿಳಿಯಿತು. ಉಳಿದ ಬತ್ತಿಯನ್ನೂ ಅದರ ತಗಡನ್ನೂ ತಿಪ್ಪೆಗೆ ಎಸೆದು ಬಂದು, ನಿಮ್ಮೆಲ್ಲರ ಜೊತೆ ನಿಂತು ಅಯ್ಯೋ ಎಂದೆ. ಮಧ್ಯಾಹ್ನ ಯಾರೋ ಕಾರ್ಖಾನೆ ಹೊಗೆ ಎಂದರು. ನನಗೆ ಎಷ್ಟು ಹಗುರಾಯಿತು ಎಂದರೆ, ಕಾಗದ ತನ್ನಿ, ಅರ್ಜಿ ನಾನೇ ಬರೆಯುತ್ತೇನೆ ಎಂದೆ. ಒಳ್ಳೆಯ ಅರ್ಜಿ ಅದು. ಎಲ್ಲರೂ ಹೊಗಳಿದರು.

ಇನ್ನೊಂದು ತಿಂಗಳು ಕಳೆಯುವುದರೊಳಗೆ ಬಂದು ಭಾವನ ಮುಂದೆ, ಅತ್ತೆಯ ಮುಂದೆ ಇದನ್ನು ನನ್ನ ಬಾಯಿಂದಲೇ ಹೇಳುತ್ತೇನೆ. ನೀನು ಈ ಕಾಗದ ಯಾರಿಗೂ ತೋರಿಸಬೇಡ ಎನ್ನುವುದಿಲ್ಲ. ತೋರಿಸು ಎನ್ನುವುದೂ ಇಲ್ಲ, ಹೇಳಬೇಕಾದವನು ನಾನು. ನಿನಗೆ ಆಶೀರ್ವಾದ ಮಾಡಲು ಇವತ್ತು ನನಗೆ ಬಾಯಿಲ್ಲ. ಸೌಮ್ಯ ಚೆನ್ನಾಗಿ ಓದಲಿ.

ನಿನ್ನ ಅಣ್ಣ,
ಅನಂತ


ಕನಕಪುರ
೧೩-೩-೨೦೦೭

ಪ್ರೀತಿಯ ಲತಾ,

ಹೋದ ತಿಂಗಳು ಬಂದುಹೋದ ಮೇಲೆ ಬರೆಯಲು ಮತ್ತೆ ತಡಮಾಡಿದೆ. ಅಖ್ತರಿ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಕಾಗ್ದ ಐತಾ ಸಾರ್" ಎಂದು ಕೇಳಿ ಬಸ್ಸಿಗೆ ಓಡುತ್ತಾಳೆ. ಇವತ್ತು ಐತೆ ಎಂದೆ. ನಿನಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಕೆಲಸ ಕೊಟ್ಟಿದ್ದಾರಂತೆ, ಸೂಪರ್‌ವೈಸರ್ ನಿನ್ನ ಕೈ ಚುರುಕು ಎನ್ನುತ್ತಾನಂತೆ. ಅದನ್ನು ಅವಳು ಖುಷಿಯಿಂದ ಹೇಳಿದಳು, ನಾನು ತಲೆ ತಗ್ಗಿಸಿ ಕೇಳಿದೆ.

ಅವತ್ತಿನದನ್ನು ನನಗೆ ಮತ್ತೆ ಮತ್ತೆ ನೆನೆಯದೆ ಇರಲು ಆಗುತ್ತಿಲ್ಲ. ಜಗಲಿಯಲ್ಲಿ ಕೂತು, ಅತ್ತೆಯನ್ನೂ ಕರೆಸಿ, ಸೊಳ್ಳೆಬತ್ತಿಯ ವಿಷಯ ಹೇಳಿದೆ. ಎಲ್ಲಿಟ್ಟೆ, ಎಷ್ಟು ಹಚ್ಚಿದೆ, ಎಲ್ಲಿ ಎಸೆದೆ, ಒಂದನ್ನೂ ಬಿಡಲಿಲ್ಲ. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಕಾಲಿಗೆ ಬೀಳುತ್ತೇನೆ ಎಂದೆ. ಭಾವ ಬೈಯಲಿ, ಎದ್ದು ಹೊಡೆಯಲಿ ಎಂದೇ ಕಾದಿದ್ದೆ. ಅವರು ನಕ್ಕರು. "ಈ ಕತೆ ಚೆಂದಾಗಿ ಬಂದಿಲ್ಲ ಮೇಷ್ಟ್ರೇ. ಮೊದ್ಲು ಬರ್ದಿದ್ರಲ್ಲ, ಅದೇ ಚೆಂದಾಗಿತ್ತು" ಅಂದರು.

ಇದು ಕತೆಯಲ್ಲ ಭಾವ ಎಂದೆ. "ಬತ್ತಿ ಹೊಗೇಗೆ ಹುಳ ಸಾಯ್ತವೆ ಅಂತ ನಂಗೂ ಗೊತ್ತು. ಆದ್ರೆ ನಿಮ್ಮಂತ ಓದಿದೋರು ಅಂತಾ ಕೆಲ್ಸ ಮಾಡಿ, ಊರೋರ ಕೈಲಿ ಕಾರ್ಖಾನೆ ಮೇಲೆ ಅರ್ಜಿ ಕೊಡಿಸ್ತಿದ್ರಾ? ನಂಬೋ ಅಂಗಿರ್ಬೇಕಲ್ಲ. ತಂಗೀನ ಒಳಕ್ಕೆ ಸೇರಿಸ್ಬೇಕು ಅಂತ ತಪ್ಪು ಮೈಮೇಲೆ ಹಾಕ್ಕತಿದ್ದೀರ. ದೊಡ್ಡ ಮನಸ್ಸು ಬುಡಿ ನಿಮ್ದು." ಅತ್ತೆಯಂತೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಅಣ್ಣ ಅಂದ್ರೆ ಇಂಗಿರ್ಬೇಕು" ಎಂದರು. ನನ್ನ ಜೀವಮಾನದಲ್ಲಿ ಒಂದು ನಿಜ ಹೇಳಿದೆ, ಅದಕ್ಕೆ ನನ್ನನ್ನು ದೊಡ್ಡ ಮನುಷ್ಯ ಮಾಡಿ ಕಾಫಿ ಕೊಟ್ಟರು. ನಾನು ಕುಡಿದೆ.

ಆಗ ನೀನು ಒಳಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ನಾನು ಮಾತು ಮುಗಿಸುವವರೆಗೂ ನಿನ್ನ ಕೈ ನಿಲ್ಲಲಿಲ್ಲ. ಕಾಗದದಲ್ಲಿ ಆಗಲೇ ಓದಿದ್ದಾಳೆ, ಅದಕ್ಕೇ ಹೀಗೆ ಎಂದುಕೊಂಡೆ. ಬಸ್‌ಸ್ಟಾಪಿನವರೆಗೆ ಬಂದೆಯಲ್ಲ, ಆಗ ನೀನು ಸಿಟ್ಟಿಲ್ಲದೆ ಹೇಳಿದೆ: "ನಿನ್ ಕಾಗ್ದಕ್ಕೆ ಮೊದ್ಲೇ ನಂಗೊತ್ತಿತ್ತು ಅಣ್ಣಯ್ಯ. ಅವತ್ತು ಬೆಳಿಗ್ಗೆ ಕಿಟ್ಕಿ ಕೆಳಗೆ ಬತ್ತಿ ಬೂದಿ ಬಿದ್ದಿತ್ತು. ಗುಡಿಸ್ದೋಳು ನಾನೇ." ಮತ್ತೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಆಮೇಲೆ ಅರ್ಜಿ ಬರ್ದೆ. ಆಮೇಲೆ ಕತೆ ಬರ್ದೆ. ಇನ್ನೇನ್ ಹೇಳ್ಲಿ" ಅಂದೆ ನೀನು. ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ನಿನ್ನನ್ನು ನೋಡಲು ನನಗೆ ಆಗಲಿಲ್ಲ.

ಇಷ್ಟಕ್ಕೇ ಬಿಡುವುದಿಲ್ಲ. ಅಟ್ಟದ ಮೇಲಿನ ಟ್ರಂಕು ಇಳಿಸಿ ಆ ಕತೆಯ ಮೊದಲ ಕರಡು ಹುಡುಕಿದೆ. ೨೦೦೩ರ ತಾರೀಕು ಹಾಕಿದ ನೋಟುಬುಕ್ಕು, ನನ್ನದೇ ಕೈಬರಹ. ಅದರಲ್ಲಿ ಹೊಗೆಸೊಪ್ಪಿಲ್ಲ. ಜಗಲಿಯಲ್ಲಿ ಕೂತ ಅಣ್ಣ ಸೊಳ್ಳೆಬತ್ತಿ ಹಚ್ಚುತ್ತಾನೆ, ಬೆಳಿಗ್ಗೆ ತಿಪ್ಪೆಗೆ ಎಸೆಯುತ್ತಾನೆ, ಬಸ್ಸು ಹತ್ತುತ್ತಾನೆ. ಎಲ್ಲ ಇದ್ದ ಹಾಗೇ ಇದೆ. ಹೆಂಗಸು ಮಾಡಿದರೆ ಸಂಕೇತಕ್ಕೆ ತೂಕ ಬರುತ್ತದೆ ಎಂದು ಎರಡನೇ ಕರಡಿನಲ್ಲಿ ಬದಲಿಸಿದ್ದೆ. ಆ ಅಣ್ಣನನ್ನು ಪೂರ್ತಿ ತೆಗೆದುಹಾಕಲು ಮನಸ್ಸಾಗದೆ ಸುಮ್ಮನೆ ಕೂರಿಸಿದ್ದೆ. ಸಾನಾ ಕೇಳಿದ್ದು ಅವನನ್ನೇ.

ಯುಗಾದಿಗೆ ಮೊದಲಿನ ಭಾನುವಾರ ನೋಟುಬುಕ್ಕು ಹಿಡಿದು ಬರುತ್ತೇನೆ. ನಿನ್ನ ಕೈಗೆ ಕೊಟ್ಟು ನೀನೇ ತೋರಿಸು ಎನ್ನುವುದಿಲ್ಲ. ಭಾವ ಮೊದಲು ನನ್ನ ಕಾಗದ ಓದುತ್ತಿದ್ದರಲ್ಲ, ಹಾಗೆ ಅಕ್ಕಪಕ್ಕದವರಿಗೂ ಕೇಳುವಂತೆ ನಾನೇ ಓದುತ್ತೇನೆ. ಅರ್ಜಿಗೆ ರುಜು ಹಾಕಿದವರನ್ನೂ ಕರೆಸುತ್ತೇನೆ. ಇದನ್ನೂ ನಂಬದಿದ್ದರೆ ಮುಂದಿನ ಭಾನುವಾರ ಮತ್ತೆ ಬರುತ್ತೇನೆ, ಅದರ ಮುಂದಿನದಕ್ಕೂ. ನೀನು ಆ ಹೊಸ್ತಿಲು ದಾಟಿ ಹುಳಕ್ಕೆ ಸೊಪ್ಪು ಹಾಕುವವರೆಗೂ ನಾನು ಒಂದು ಸಾಲೂ ಕತೆ ಬರೆಯುವುದಿಲ್ಲ. ಇದರಿಂದ ನಿನಗೇನೂ ಲಾಭವಿಲ್ಲ ಎಂದು ಗೊತ್ತು.

ನಿನ್ನ ಕೈಗೆ ಹುಳ ಒಲಿಯಲಿ. ನಿನ್ನ ಮಗಳು ನಿನ್ನ ಹಾಗೆ ಕೈಚಳಕದವಳಾಗಲಿ, ಬಾಯಿ ಮಾತ್ರ ನಿನಗಿಂತ ದೊಡ್ಡದಿರಲಿ.

ನಿನ್ನ ಅಣ್ಣ,
ಅನಂತ

ಇನ್ನೊಂದು ಮಾತು: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸಂಕೇತಕ್ಕೆ ತೂಕ ಬರುತ್ತದೆ ಎಂದು ಬದಲಿಸಿದೆ ಎಂದೆನಲ್ಲ, ಅದು ತರಗತಿಯಲ್ಲಿ ಹೇಳುವ ಕಾರಣ. ಭಾವ ಓದಿದರೆ ಆ ಅಣ್ಣನಲ್ಲಿ ನನ್ನನ್ನು ಹಿಡಿಯುತ್ತಾರೆ ಎಂದು ಹೆದರಿ ಬದಲಿಸಿದೆ. ಮತ್ತೆ ಯಾರ ಮೇಲೆ ಹಾಕಲಿ ಎಂದು ಒಂದು ಇಡೀ ಮಧ್ಯಾಹ್ನ ಯೋಚಿಸಿದೆ. ಅತ್ತೆಯ ಮೇಲೆ ಹಾಕಿದರೆ ಜಗಳಕ್ಕೆ ಬರುತ್ತಾರೆ ಎಂದು ಬಿಟ್ಟೆ. ಭಾವನ ಮೇಲೆ ಹಾಕಿದರೆ ಸಂಬಂಧ ಕೆಡುತ್ತದೆ ಎಂದು ಬಿಟ್ಟೆ. ಕೂಲಿಯವರ ಮೇಲೆ ಹಾಕಿದರೆ ಅವರು ಬಂದು ಕೇಳುತ್ತಾರೆ ಎಂದು ಅದನ್ನೂ ಬಿಟ್ಟೆ. ನಿನ್ನ ಮೇಲೆ ಹಾಕಿದರೆ ಏನೂ ಆಗುವುದಿಲ್ಲ, ಲತಾ ಏನೂ ಅನ್ನುವುದಿಲ್ಲ ಎಂದು ನಿನ್ನ ಮೇಲೆ ಹಾಕಿದೆ.